ಗಡ್ಡೆ ಅಂತ ಮೂರು ವಾರ ಬೇರೆಯದನ್ನೇ ಅಳೆದೆ

ಪುಣೆಯ ಲ್ಯಾಬಿನಲ್ಲಿ ಇಲಿಗಳಿಗೆ ಎಂಆರ್‌ಐ ಮಾಡುವ ಕೆಲಸ ನನ್ನ ಪಾಲಿಗೆ ಬಂದಾಗ, ಕಷ್ಟವೆಲ್ಲ ಮೆಷಿನ್‌ನಲ್ಲೇ ಇರುತ್ತದೆ ಅಂದುಕೊಂಡಿದ್ದೆ. ಅದರ ಅಯಸ್ಕಾಂತದ ಶಕ್ತಿಯನ್ನು ಟೆಸ್ಲಾದಲ್ಲಿ ಹೇಳುತ್ತಾರೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು 1.5 ಅಥವಾ 3 ಟೆಸ್ಲಾ. ನಮ್ಮದು 7. ಒಳಗೆ ಮಲಗುವ ಪೇಶೆಂಟ್ ತೂಕ ಮಾತ್ರ 28 ಗ್ರಾಂ!

ನಮ್ಮ ಇಲಿಗಳು ಟ್ರ್ಯಾಂಪ್ ಅನ್ನೋ ತಳಿಯವು. ಎಸ್‌ವಿ40 ಅನ್ನೋ ವೈರಸ್ಸಿನ ಒಂದು ಜೀನನ್ನು ಪ್ರಾಸ್ಟೇಟ್‌ನಲ್ಲಿ, ಅಂದರೆ ಗಂಡಿನ ಮೂತ್ರಕೋಶದ ಬುಡದಲ್ಲಿರುವ ಗ್ರಂಥಿಯಲ್ಲಿ, ಕೆಲಸ ಮಾಡುವ ಹಾಗೆ ಸೇರಿಸಿ, 1990ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆಸಿದ ತಳಿ. ಗಂಡಿಲಿ ಬೆಳೆದ ಹಾಗೆ ಕ್ಯಾನ್ಸರ್ ತಾನಾಗೇ ಬರುತ್ತದೆ. ಆದರೆ ಯಾವಾಗ, ಎಷ್ಟು ಅನ್ನೋದು ಒಂದೊಂದಕ್ಕೆ ಒಂದೊಂದು ಥರ. ಹೊಟ್ಟೆ ಮುಟ್ಟಿ ನೋಡಿದರೆ ಗೊತ್ತಾಗುವುದು ಗಡ್ಡೆ ಚೆನ್ನಾಗಿ ದಪ್ಪವಾದ ಮೇಲೆ. ಎಂಆರ್‌ಐ ಇದ್ದರೆ ಅದೇ ಇಲಿಯನ್ನು 12, 16, 20 ವಾರಕ್ಕೆ ಮತ್ತೆ ಮತ್ತೆ ನೋಡಬಹುದು. ಪ್ರತಿ ಹಂತಕ್ಕೂ ಒಂದಷ್ಟು ಇಲಿಗಳನ್ನು ಕೊಲ್ಲಬೇಕಿಲ್ಲ.

ಮೊದಲ ದಿನ ಐಸೋಫ್ಲೂರೇನ್ ಅನ್ನೋ ಅರಿವಳಿಕೆ ಗ್ಯಾಸ್ 3 ಪರ್ಸೆಂಟ್ ಇಟ್ಟು ಮಲಗಿಸಿ, ಆಮೇಲೆ 1.5ಕ್ಕೆ ಇಳಿಸಿದೆ. ಮೇಲಿನ ಹಲ್ಲನ್ನು ಕೊಕ್ಕೆಗೆ ಸಿಕ್ಕಿಸಿದೆ. ಕಣ್ಣು ಒಣಗಬಾರದೆಂದು ಮುಲಾಮು, ಬಾಲಕ್ಕೆ ಟೇಪು, ಹೊಟ್ಟೆಯ ಹತ್ತಿರ ಉಸಿರು ಎಣಿಸುವ ಪುಟ್ಟ ದಿಂಬು. ಎಲ್ಲ ಸರಿ ಇತ್ತು. ಆದರೂ ಚಿತ್ರ ಕದಡಿದ ನೀರಿನ ಹಾಗೆ ಬಂತು. ನಾನು ಕಂಪ್ಯೂಟರ್ ಮುಂದೆ ಕೂತು ಸೆಟಿಂಗ್ ಬದಲಿಸುತ್ತಲೇ ಇದ್ದೆ.

ಪ್ರಾಣಿಮನೆ ನೋಡಿಕೊಳ್ಳುವವರು ಕಲಬುರಗಿ ಕಡೆಯವರು. ಅವರು ಸುಮ್ನೆ ಬಂದು ಹೇಳಿದರು: "ಮೇಡಂ, ಅದರ ಕಾಲು ಮುಟ್ಟಿ ನೋಡ್ರಿ. ತಣ್ಣಗ ಆಗ್ಯಾವ."

"ಹೌದಣ್ಣ, ಬಿಸಿನೀರಿನ ಪೈಪ್ ಹಾಕೋದೇ ಮರೆತೆ!"

ಅಷ್ಟೇ ಆಗಿದ್ದು. ಅರಿವಳಿಕೆಯಲ್ಲಿರುವ ಇಲಿಗೆ ಮೈ ಬಿಸಿ ಉಳಿಸಿಕೊಳ್ಳಲು ಆಗುವುದಿಲ್ಲ. ಮೈ ತಣ್ಣಗಾದರೆ ಉಸಿರು ನಿಧಾನವಾಗುತ್ತದೆ, ಒಮ್ಮೊಮ್ಮೆ ಏದುಸಿರೂ ಬರುತ್ತದೆ. ಎರಡು ಉಸಿರಿನ ನಡುವೆ ಹೊಟ್ಟೆ ಅಲ್ಲಾಡದ ಹೊತ್ತಲ್ಲಿ ಮೆಷಿನ್ ಚಿತ್ರ ಹಿಡಿಯಬೇಕು. ತಾಳವೇ ತಪ್ಪಿದರೆ ಏನು ಮಾಡೀತು? ಆಮೇಲಿಂದ ಮೈ 37 ಡಿಗ್ರಿ, ಉಸಿರು ನಿಮಿಷಕ್ಕೆ 40ರಿಂದ 60. ಇದು ಬರುವ ತನಕ ಸ್ಕ್ಯಾನ್ ಬಟನ್ ಒತ್ತುವುದಿಲ್ಲ. ಕಿವಿಗೆ ಲೋಹದ ಟ್ಯಾಗ್ ಇದ್ದರೂ ಆಗದು, ಅಯಸ್ಕಾಂತ ಎಳೆದೀತು. ನಾವು ಕಿವಿಯಲ್ಲಿ ತೂತು ಹಾಕಿ ಗುರುತು ಮಾಡುತ್ತೇವೆ.

ಇನ್ನು ಆ ಮೂರು ವಾರದ ಕಥೆ. ಟಿ2 ಅನ್ನೋ ಒಂದು ಥರದ ಎಂಆರ್‌ಐ ಚಿತ್ರದಲ್ಲಿ ನೀರು ಬೆಳ್ಳಗೆ, ಗಡ್ಡೆ ಬೂದು. ಮೂತ್ರಕೋಶ ಬಲ್ಬಿನ ಹಾಗೆ ಬೆಳಗುತ್ತದೆ. ಅದರ ಪಕ್ಕ ಬೂದು ಬಣ್ಣದ ಉಬ್ಬು ಕಂಡಿತು. ಖುಷಿಯಾಯಿತು. ಅರ್ಧ ಮಿಲಿಮೀಟರಿನ ಒಂದೊಂದು ಸ್ಲೈಸ್‌ನಲ್ಲೂ ಸುತ್ತ ಗೆರೆ ಎಳೆದು, ಗೆರೆಯೊಳಗಿನ ವಿಸ್ತೀರ್ಣ ಲೆಕ್ಕ ಹಾಕಿ, ಸ್ಲೈಸ್ ದಪ್ಪದಿಂದ ಗುಣಿಸಿ ಕೂಡಿಸಿದೆ. ವಾರ ವಾರಕ್ಕೂ ಬೆಳೆಯುತ್ತಿತ್ತು. ಕೊನೆಗೆ ಹೊಟ್ಟೆ ತೆರೆದು ನೋಡಿದರೆ ಅದು ಸೆಮಿನಲ್ ವೆಸಿಕಲ್, ಅಂದರೆ ವೀರ್ಯದ ದ್ರವ ತುಂಬುವ ಚೀಲ! ಸಾಮಾನ್ಯವಾಗಿ ಅದೂ ಬೆಳ್ಳಗೇ ಕಾಣುತ್ತದೆ. ಈ ಇಲಿಯಲ್ಲಿ ಒಳಗಿನದು ಗಟ್ಟಿಯಾಗಿ ಮಂಕಾಗಿತ್ತು. ನಿಜವಾದ ಗಡ್ಡೆ ಅದರ ಕೆಳಗೆ ಕಡಲೆಕಾಳಿನಷ್ಟು ಇತ್ತು.

ಇಲಿಯ ಪ್ರಾಸ್ಟೇಟ್ ನಮ್ಮದರ ಹಾಗೆ ಒಂದೇ ಉಂಡೆಯಲ್ಲ, ಬೇರೆ ಬೇರೆ ಹಾಲೆಗಳಾಗಿ ಮೂತ್ರನಾಳದ ಸುತ್ತ ಇರುತ್ತದೆ. ವೆಸಿಕಲ್ ಅಲ್ಲಿಂದ ಮೇಲೆ ಹೋಗಿ ಟಗರಿನ ಕೊಂಬಿನಂತೆ ಬಾಗುತ್ತದೆ. ಅಡ್ಡ ಸ್ಲೈಸ್ ಮಾತ್ರ ನೋಡಿದರೆ ಕೊಂಬಿನ ಬುಡವೂ ಗಡ್ಡೆಯೂ ಒಂದೇ ಥರ ಕಾಣುತ್ತವೆ. ಮುಂದಿನಿಂದ ಹಿಡಿದ ಚಿತ್ರವನ್ನೂ ಪಕ್ಕದಲ್ಲಿಟ್ಟುಕೊಂಡರೆ ಬಾಗು ತಕ್ಷಣ ಕಾಣುತ್ತದೆ. ಸ್ಕ್ಯಾನಿಗೆ ಮೊದಲು ಕೆಳಹೊಟ್ಟೆ ಮೆಲ್ಲಗೆ ಒತ್ತಿ ಮೂತ್ರ ಖಾಲಿ ಮಾಡಿಸುತ್ತೇನೆ ಈಗ. ಇಲ್ಲದಿದ್ದರೆ ಮೂತ್ರಕೋಶ ತುಂಬಿಕೊಂಡು ಪಕ್ಕದ್ದನ್ನೆಲ್ಲ ತಳ್ಳಿಬಿಡುತ್ತದೆ.

ಹಳೆ ಅಂಕಿಗಳನ್ನು ಎಕ್ಸೆಲ್‌ನಿಂದ ಅಳಿಸಲಿಲ್ಲ. ಕೆಂಪು ಹಚ್ಚಿ, "ವೆಸಿಕಲ್, ಗಡ್ಡೆ ಅಲ್ಲ" ಅಂತ ಬರೆದಿಟ್ಟೆ. ಉಳಿದ ಇಲಿಗಳ ಚಿತ್ರಗಳಿಗೂ ಮೊದಲಿಂದ ಗೆರೆ ಎಳೆಯಬೇಕಾಯಿತು. ಎರಡು ಭಾನುವಾರ ಅದಕ್ಕೇ ಹೋಯಿತು.