ಹಳೇ ಎಸ್ಟೇಟ್ ತೋಟ ನೋಡಲು ಯಾವಾಗ ಹೋಗಬೇಕು: ನನ್ನ ಅನುಭವ

ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ತಪ್ಪಲಿನ ಹಳೇ ಕಾಫಿ ಎಸ್ಟೇಟಿಗೆ ಹೋಗುವ ದಿನವನ್ನು ನಾನು ಮಳೆ ಲೆಕ್ಕದ ಮೇಲೆ ಗೊತ್ತುಮಾಡುತ್ತೇನೆ. ಫೆಬ್ರವರಿ ಕಳೆದ ಮೇಲೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಫೋನ್ ಮಾಡಿ ಕೇಳುವುದು ಒಂದೇ: ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆ, ಎಷ್ಟು ಸೆಂಟು ಬಿತ್ತು? ಇಂಚಿಗೆ 100 ಸೆಂಟು. ಒಂದು ಇಂಚಿನಷ್ಟು ಒಂದೇ ಸಲ ಬಿದ್ದರೆ ಕಾಫಿಯ ಎರಡು ಜಾತಿಗಳಲ್ಲಿ ರೊಬಸ್ಟಾ ಏಳೆಂಟು ದಿನಕ್ಕೆ, ಅರೇಬಿಕಾ ಒಂಬತ್ತು ಹತ್ತು ದಿನಕ್ಕೆ ಬಿರಿಯುತ್ತದೆ. ತುಂತುರು ಮಳೆಯಾದರೆ ಮೊಗ್ಗು ಅರೆಬರೆ ಊದಿ ನಿಂತುಬಿಡುತ್ತದೆ. ಆಗ ಹೋಗಿ ಪ್ರಯೋಜನವಿಲ್ಲ. ಸ್ಪ್ರಿಂಕ್ಲರ್ ಇರುವ ರೊಬಸ್ಟಾ ತೋಟದಲ್ಲಿ ಮಾತ್ರ ಮಳೆಗೆ ಕಾಯದೆ ಫೆಬ್ರವರಿಯಲ್ಲೇ ಹೂ ಸಿಗುತ್ತದೆ.

ಹೂವಿನ ಬಿಳುಪು ಎರಡು ಮೂರು ದಿನವಷ್ಟೇ. ಬೆಳಿಗ್ಗೆ ಆರರಿಂದ ಎಂಟರೊಳಗೆ ಹೋಗಿ: ಘಮ ಆಗಲೇ ಗಾಢ. ಗಿಡದ ಸಾಲಿನೊಳಗೆ ನುಗ್ಗಬೇಡಿ, ಗಾಡಿ ರಸ್ತೆಯಲ್ಲೇ ನಿಂತು ನೋಡಿ. ಕಾಯಿ ಕಟ್ಟಲು ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ಅದಕ್ಕೆ ಮೊದಲೇ ಮೈ ತಾಗಿ ಉದುರಿದ ಹೂವೆಂದರೆ ಬೆಳೆಗಾರರು ಕಳೆದುಕೊಂಡ ಫಸಲು.

ಮೇ, ಜೂನ್‌ನಲ್ಲಿ ತಲೆಯೆತ್ತಿ ನಡೆಯಿರಿ. ಹಳೇ ನೆರಳು ಮರಗಳ ಮೇಲೆ ಸೀತಾಳೆ ದಂಡೆ ಎಂಬ ಆರ್ಕಿಡ್ ಹೂ ಜೋತಾಡುವ ಕಾಲ ಅದು. ಮರಗಸಿಯಲ್ಲಿ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವಾಗ, ಕೊಂಬೆ ಜೊತೆ ಈ ಗಿಡವೂ ನೆಲಕ್ಕೆ ಬೀಳುತ್ತದೆ. ಬಿದ್ದದ್ದನ್ನು ತೆಂಗಿನ ನಾರಿನ ಹಗ್ಗದಲ್ಲಿ ಬೇರೆ ಮರಕ್ಕೆ ಕಟ್ಟಿದರೆ ಬೇರು ಕಚ್ಚಿಕೊಳ್ಳುತ್ತದೆ. ತೋಟದವರಿಗೆ ಇದನ್ನು ತಪ್ಪದೆ ಹೇಳುತ್ತೇನೆ. ಮಳೆಗಾಲಕ್ಕೆ ಮುಂಚೆ ಎಲೆತುಕ್ಕು ರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದಿರುತ್ತಾರೆ, ಎಲೆ ಮುಟ್ಟಬೇಡಿ.

ಬಂಗಲೆಯ ಹೂದೋಟಕ್ಕೆ ನನ್ನ ಲೆಕ್ಕದಲ್ಲಿ ಆಗಸ್ಟ್, ಸೆಪ್ಟೆಂಬರೇ ಸರಿ, ಇಂಬಳದ (ಜಿಗಣೆಯ) ಕಾಟ ಇದ್ದರೂ. ಉದ್ದ ಕಾಲುಚೀಲದೊಳಗೆ ಪ್ಯಾಂಟ್ ಸೇರಿಸಿ, ಉಪ್ಪಿನ ಗಂಟು ಜೊತೆಗಿರಲಿ. ಗೌರಿ ಹಬ್ಬದ ಹೊತ್ತಿಗೆ ಡೇರೆ (ಡೇಲಿಯಾ) ಹೂ ತುಂಬಿರುತ್ತದೆ. ಕೋಲು ಕೊಡದ ಗಿಡ ಹೂವಿನ ಭಾರಕ್ಕೂ ನೀರಿನ ಭಾರಕ್ಕೂ ಮುರಿಯುತ್ತದೆ. ಮೇ ಕೊನೆಗೆ ಗೆಡ್ಡೆ ಹೂಳುವಾಗಲೇ ಕೋಲು ನೆಡಬೇಕು, ಆಮೇಲೆ ನೆಟ್ಟರೆ ಗೆಡ್ಡೆಗೆ ಏಟು. ಹೈಡ್ರೇಂಜಿಯವನ್ನು ಗಮನವಿಟ್ಟು ನೋಡಿ: ಮಲೆನಾಡಿನ ಹುಳಿ ಮಣ್ಣಲ್ಲಿ ಅಲ್ಯೂಮಿನಿಯಂ ಗಿಡಕ್ಕೆ ಸಿಕ್ಕಿ ಹೂ ನೀಲಿ. ಸುಣ್ಣದ ಗೋಡೆಯ ಬುಡದಲ್ಲಿ ಅದೇ ಗಿಡ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ನವೆಂಬರ್‌ನಿಂದ ಜನವರಿ ಅರೇಬಿಕಾ ಕೊಯ್ಲು. ಬೆಳಿಗ್ಗೆ ಯಾರಿಗೂ ಮಾತಾಡಲು ಪುರುಸೊತ್ತಿಲ್ಲ. ಸಂಜೆ ನಾಲ್ಕಕ್ಕೆ ಹೋದರೆ ಹಣ್ಣಿನ ತೂಕವೂ ಸಿಗುತ್ತದೆ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡುವುದೂ ಸಿಗುತ್ತದೆ. ಕಿತ್ತ ಹಣ್ಣು ರಾತ್ರಿ ಉಳಿದರೆ ಹುಳಿಯುವುದರಿಂದ ಆ ದಿನವೇ ಪಲ್ಪ್ ಮಾಡುತ್ತಾರೆ. ಕಣದಲ್ಲಿ ಹರವಿದ ಕಾಫಿ ಮೇಲೆ ಚಪ್ಪಲಿ ಕಾಲು ಇಡಬೇಡಿ.