ಹಳೆಯ ಮಿಯಾಟಾ ಮಿಸ್ಸಿಂಗ್ ಹೊಡೆಯುತ್ತಿದೆಯಾ? ಮೊದಲು ಸಿಲಿಂಡರ್ ಹುಡುಕಿ

ಗಾಡಿ ಮಿಸ್ಸಿಂಗ್ ಹೊಡೆಯಲು, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಇಂಜಿನ್ ತಡವರಿಸಲು ಶುರುವಾದರೆ ಸಾಕು, ಕಿಡಿ ಕೊಡುವ ಪ್ಲಗ್, ಅದಕ್ಕೆ ಕರೆಂಟ್ ಒಯ್ಯುವ ವೈರ್, ಆ ಕರೆಂಟಿನ ವೋಲ್ಟೇಜ್ ಏರಿಸುವ ಕಾಯಿಲ್ ಮೂರನ್ನೂ ಒಟ್ಟಿಗೆ ತರಿಸಿ ಒಂದೇ ಮಧ್ಯಾಹ್ನ ಬದಲಾಯಿಸುವವರನ್ನು ತುಂಬಾ ನೋಡಿದ್ದೇನೆ. ಸರಿಹೋದರೆ ಯಾವುದು ಕೆಟ್ಟಿತ್ತು ಅಂತ ಗೊತ್ತಾಗುವುದಿಲ್ಲ. ಸರಿಹೋಗದಿದ್ದರೆ ದುಡ್ಡೂ ಹೋಯಿತು, ಸುಳಿವೂ ಹೋಯಿತು. ಅದರಲ್ಲೂ ಮಾಜ್ದಾ ಎಂಎಕ್ಸ್-5 ಅಥವಾ ಮಿಯಾಟಾದ 1989ರಿಂದ 1997ರವರೆಗಿನ ಮೊದಲ ಮಾದರಿಗೆ ಹೀಗೆ ಮಾಡಬಾರದು. ಹೆಡ್‌ಲೈಟ್ ಮೇಲೆದ್ದು ನಿಲ್ಲುವ ಆ ಪುಟ್ಟ ಗಾಡಿ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ. ಕೇಳುವ ಕ್ರಮ ಗೊತ್ತಿರಬೇಕು ಅಷ್ಟೆ.

ಮೊದಲು, ಯಾವಾಗ ಮಿಸ್ ಆಗುತ್ತದೆ ಅಂತ ಬರೆದಿಟ್ಟುಕೊಳ್ಳಿ. ನಿಂತಲ್ಲೇ ನಡುಗುತ್ತಾ? ದಿಣ್ಣೆ ಹತ್ತುವಾಗ ಮಾತ್ರ ತಡವರಿಸುತ್ತಾ? ಮಳೆ ಬಂದ ದಿನ ಜಾಸ್ತಿನಾ? ಮಿಸ್ ಆಗುತ್ತಿರುವಾಗ ಜೋರಾಗಿ ಓಡಿಸಬೇಡಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿದು ಅದನ್ನು ಕೆಡಿಸುತ್ತದೆ. ಪ್ಲಗ್‌ಗೆ ಆಗುವ ಖರ್ಚು ಕನ್ವರ್ಟರ್‌ಗೆ ಆಗುವ ಖರ್ಚಿನ ಮುಂದೆ ಏನೂ ಅಲ್ಲ.

ಎರಡನೆಯದೇ ಎಲ್ಲರೂ ಎಡವುವ ಜಾಗ: ಯಾವ ಸಿಲಿಂಡರ್ ಸೋತಿದೆ ಅಂತ ಕಂಡುಹಿಡಿಯುವುದು. ಇಂಜಿನ್ ಓಡುತ್ತಿರುವಾಗ ಪ್ಲಗ್ ವೈರ್ ಒಂದೊಂದಾಗಿ ಕೀಳುವುದು ಹಳೇ ಗ್ಯಾರೇಜ್ ಪದ್ಧತಿ. ಈ ಗಾಡಿಗೆ ಅದು ಬೇಡ. ಶಾಕ್ ಹೊಡೆಯುತ್ತದೆ, ಕಾಯಿಲ್‌ಗೂ ಕೆಟ್ಟದ್ದು. ಅದರ ಬದಲು ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ನ ಕನೆಕ್ಟರ್ ಬಿಚ್ಚಿ. ಗಾಡಿ ಬಯಲಲ್ಲಿರಲಿ, ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮುಂದಿನ ಸಿಲಿಂಡರ್ 1, ಡ್ಯಾಶ್‌ಬೋರ್ಡ್ ಕಡೆಯದು 4. ಒಂದು ಕನೆಕ್ಟರ್ ಬಿಚ್ಚಿ, ಆರ್‌ಪಿಎಂ (ಇಂಜಿನ್ ತಿರುಗುವ ವೇಗ) ನೋಡಿ, ಮತ್ತೆ ಹಾಕಿ, ಮುಂದಿನದಕ್ಕೆ ಹೋಗಿ. ಒಳ್ಳೆಯ ಸಿಲಿಂಡರ್‌ದು ಬಿಚ್ಚಿದರೆ ಇಂಜಿನ್ ಥಟ್ಟನೆ ಕುಸಿಯುತ್ತದೆ. ಸೋತದ್ದನ್ನು ಬಿಚ್ಚಿದರೆ ಏನೂ ಆಗುವುದಿಲ್ಲ. ಬಿಚ್ಚಿದ ಆ ಕ್ಷಣವನ್ನೇ ನೋಡಬೇಕು. ಸ್ವಲ್ಪ ತಡವಾದರೂ, ನಿಂತಲ್ಲಿ ಇಂಜಿನ್ ವೇಗ ಕಾಯುವ ಐಡಲ್ ವಾಲ್ವ್ ಗಾಳಿ ಜಾಸ್ತಿ ಬಿಟ್ಟು ಆರ್‌ಪಿಎಂ ಎತ್ತಿಬಿಡುತ್ತದೆ, ನಿಮಗೆ ನಾಲ್ಕೂ ಒಂದೇ ಥರ ಕಾಣುತ್ತವೆ. ಕನೆಕ್ಟರ್ ಪ್ಲಾಸ್ಟಿಕ್‌ಗೂ ವಯಸ್ಸಾಗಿದೆ, ಲಾಕ್ ಪೂರ್ತಿ ಒತ್ತಿಯೇ ಎಳೆಯಿರಿ.

ಈಗ ಉತ್ತರ ಓದುವುದು. ಈ ಇಂಜಿನ್‌ಗೆ ಎರಡೇ ಕಾಯಿಲ್. ಒಂದು 1 ಮತ್ತು 4ಕ್ಕೆ, ಇನ್ನೊಂದು 2 ಮತ್ತು 3ಕ್ಕೆ. ಜೋಡಿಯ ಎರಡೂ ಸಿಲಿಂಡರ್ ಒಟ್ಟಿಗೆ ಸೋತಿದ್ದರೆ ಕಾಯಿಲ್ ಅಥವಾ ಅದಕ್ಕೆ ಬರುವ ಕರೆಂಟಿನ ಮೇಲೆ ಅನುಮಾನ ಪಡಿ. ಒಂದೇ ಸೋತಿದ್ದರೆ ಮೊದಲು ಪ್ಲಗ್, ವೈರ್ ನೋಡಿ, ಆಮೇಲೆ ಇಂಜೆಕ್ಟರ್, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ). ಅಕ್ಕಪಕ್ಕದ 1 ಮತ್ತು 2 ಸೋತಿದ್ದರೆ ಅವು ಒಂದೇ ಕಾಯಿಲ್‌ನವಲ್ಲ, ಕಾಯಿಲ್ ಕೊಳ್ಳಲು ಓಡಬೇಡಿ.

ಐಡ್ಲಿಂಗ್ ಚೆನ್ನಾಗಿದ್ದು ಎಳೆತದಲ್ಲಿ ಮಾತ್ರ ತಡವರಿಸಿದರೆ ಈ ಪರೀಕ್ಷೆ ಏನೂ ಹೇಳದು. ಆಗ ಕತ್ತಲಲ್ಲಿ ಇಂಜಿನ್ ಓಡುತ್ತಿರುವಾಗಲೇ ಬಾನೆಟ್ ಎತ್ತಿ, ವೈರ್‌ಗಳ ಮೇಲೆ ಸ್ಪ್ರೇ ಬಾಟಲಿಯಿಂದ ಹಗುರವಾಗಿ ನೀರು ಹೊಡೆಯಿರಿ. ಕೈ ದೂರ ಇರಲಿ. ನೀಲಿ ಕಿಡಿ ಹಾರಿದ ಕಡೆ ಸೋರಿಕೆ ಇದೆ.

ಇನ್ನು ಪ್ಲಗ್. ವೈರನ್ನು ಅದರ ತುದಿಯ ರಬ್ಬರ್ ಟೋಪಿ, ಅಂದರೆ ಬೂಟ್ ಹಿಡಿದು ಸ್ವಲ್ಪ ತಿರುಗಿಸಿ ತೆಗೆಯಿರಿ, ವೈರ್ ಹಿಡಿದು ಎಳೆಯಬೇಡಿ. ಪ್ಲಗ್ ಬಿಚ್ಚುವ ಮುಂಚೆ ಟಾರ್ಚ್ ಬಿಟ್ಟು ಅದು ಕೂರುವ ಗುಂಡಿಯೊಳಗೆ ನೋಡಿ. ಈ ಗಾಡಿಗಳಲ್ಲಿ ಇಂಜಿನ್ ಮೇಲಿನ ಟ್ಯಾಪೆಟ್ ಕವರ್‌ನ ರಬ್ಬರ್ ಪ್ಯಾಕಿಂಗ್ ಗಟ್ಟಿಯಾಗಿ ಆಯಿಲ್ ಗುಂಡಿಗೆ ಇಳಿಯುವುದು ಬಹಳ ಸಾಮಾನ್ಯ. ಆ ಆಯಿಲ್ ಬೂಟಿನ ರಬ್ಬರ್ ಮೆತ್ತಗೆ ಮಾಡುತ್ತದೆ, ಕಿಡಿ ಪಕ್ಕದ ಲೋಹಕ್ಕೆ ಹಾರಿಹೋಗುತ್ತದೆ. ಬಟ್ಟೆಯಿಂದ ಪೂರ್ತಿ ಒರೆಸಿದ ಮೇಲೆಯೇ ಬಿಚ್ಚಿ. ಇಲ್ಲದಿದ್ದರೆ ಅದು ಪ್ಲಗ್ ತುದಿಗೂ ಸಿಲಿಂಡರ್ ಒಳಗೂ ಇಳಿಯುತ್ತದೆ, ನೀವು ಸಿಲಿಂಡರಿಗೆ ಆಯಿಲ್ ನುಗ್ಗದಂತೆ ತಡೆಯುವ ಪಿಸ್ಟನ್ ರಿಂಗ್ ಹೋಗಿದೆ ಅಂತ ಸುಮ್ನೆ ಗಾಬರಿಯಾಗುತ್ತೀರಿ. ಮೇಲಿನ ಬಿಳಿ ಪಿಂಗಾಣಿಯ ಮೇಲೆ ಆಯಿಲ್ ಇದ್ದರೆ ಪ್ಯಾಕಿಂಗ್. ಕೆಳಗೆ ಕಿಡಿ ಹಾರುವ ತುದಿಯ ಎಲೆಕ್ಟ್ರೋಡ್ ಮೇಲೆ ಆಯಿಲ್ ಇದ್ದರೆ ರಿಂಗ್ ಅಥವಾ ವಾಲ್ವ್ ಸೀಲ್.

ಪಿಂಗಾಣಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ. ಉದ್ದಕ್ಕೆ ಪೆನ್ಸಿಲಿನಿಂದ ಗೀಚಿದಂಥ ಕಪ್ಪು ಗೆರೆ ಕಂಡರೆ ಕಿಡಿ ಒಳಗೆ ಹೋಗದೆ ಹೊರಗೇ ಇಳಿದಿದೆ. ಅಂಥ ಪ್ಲಗ್ ಜೊತೆ ಆ ವೈರನ್ನೂ ಬಿಸಾಡಿ, ಬೂಟಿನೊಳಗೂ ಅದೇ ಗೆರೆ ಬಿದ್ದಿರುತ್ತದೆ. ಲೋಹ ಸೇರುವ ಕಡೆ ಕಂದು ಉಂಗುರ ಇದ್ದರೆ ಹೆದರಬೇಡಿ, ಅದು ಬರೀ ಕಲೆ.

ಕಣ್ಣಿಗೆ ಏನೂ ಕಾಣಲಿಲ್ಲವಾ? ಸೋತ ಸಿಲಿಂಡರಿನ ಪ್ಲಗ್ ತೆಗೆದು ಇನ್ನೊಂದಕ್ಕೆ ಹಾಕಿ, ಪರೀಕ್ಷೆ ಮತ್ತೆ ಮಾಡಿ. ಸೋಲು ಪ್ಲಗ್ ಜೊತೆ ಹೋಯಿತಾ? ಪ್ಲಗ್ ಕೆಟ್ಟಿದೆ. ಹೋಗಲಿಲ್ಲವಾ? ವೈರ್‌ನ ರೆಸಿಸ್ಟೆನ್ಸ್ ಅಳೆಯಿರಿ, ಒಂದು ಮೀಟರ್ ಉದ್ದಕ್ಕೆ ಸುಮಾರು 16 ಕಿಲೋ ಓಮ್ ಒಳಗಿರಬೇಕು. ಅಳೆಯುವಾಗ ವೈರ್ ಅಲ್ಲಾಡಿಸಿ, ಅಂಕಿ ಕುಣಿದರೆ ಒಳಗೆ ತುಂಡಾಗಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಇದರಲ್ಲಿ ರಾಜಿ ಇಲ್ಲ.

ಕೊಳ್ಳುವುದಾದರೆ ಎನ್‌ಜಿಕೆ ಬಿಕೆಆರ್6ಇ-11 ಪ್ಲಗ್ ಸಾಕು, ಕೊನೆಯ 11 ಅಂದರೆ ಕಿಡಿ ಹಾರುವ ಗ್ಯಾಪ್ 1.1 ಮಿ.ಮೀ. ನಾಲ್ಕು ಕೊಂಬಿನ ದುಬಾರಿ ಪ್ಲಗ್ ಬೇಡವೇ ಬೇಡ. ಹೆಸರಿಲ್ಲದ ಬಣ್ಣಬಣ್ಣದ ವೈರ್ ಸೆಟ್ ಕೂಡ ಬೇಡ. ಟ್ಯಾಂಕಿಗೆ ಸುರಿಯುವ ಇಂಜೆಕ್ಟರ್ ಕ್ಲೀನರ್ ಸೀಳಿದ ಬೂಟನ್ನು ಸರಿಮಾಡುವುದಿಲ್ಲ. ಪ್ಯಾಕಿಂಗ್ ಬದಲಿಸುವಾಗ ಸುತ್ತಲೂ ಸೀಲೆಂಟ್ ಬಳಿಯಬೇಡಿ. ಮ್ಯಾನ್ಯುಯಲ್ ಹೇಳುವ ಮೂಲೆಗಳಿಗೆ ಒಂದೊಂದು ಚುಕ್ಕೆ ಸಾಕು.

ಕಿಡಿ ಚೆನ್ನಾಗಿದ್ದೂ ಸಿಲಿಂಡರ್ ಸೋತಿದ್ದರೆ ಇಂಜೆಕ್ಟರ್‌ಗೆ ಉದ್ದ ಸ್ಕ್ರೂಡ್ರೈವರ್ ತಾಗಿಸಿ ಹಿಡಿಯನ್ನು ಕಿವಿಗಿಟ್ಟು ಟಿಕ್ ಟಿಕ್ ಕೇಳಿ. ಅದೂ ಇದ್ದರೆ ಕಂಪ್ರೆಷನ್ ಗೇಜ್ ಹಾಕಿ ನಾಲ್ಕನ್ನೂ ಅಳೆಯಿರಿ. ಉಳಿದ ಮೂರಕ್ಕಿಂತ ಒಂದು ತುಂಬಾ ಕೆಳಗಿದ್ದರೆ ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ರಿಂಗ್, ಏರದಿದ್ದರೆ ಹೆಚ್ಚಾಗಿ ವಾಲ್ವ್.

ಕೊನೆಗೆ ಓಡಿಸಿ ನೋಡುವುದು. ಖಾಲಿ ರಸ್ತೆಯ ಏರಿನಲ್ಲಿ, ನಾಲ್ಕನೇ ಗೇರಿನಲ್ಲಿ, 2000 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಸಿಲಿಂಡರಿನೊಳಗೆ ಒತ್ತಡ ಜಾಸ್ತಿ ಇದ್ದಾಗ ಕಿಡಿ ಹಾರಲು ವೋಲ್ಟೇಜ್ ಜಾಸ್ತಿ ಬೇಕು, ಅರೆಬರೆ ರಿಪೇರಿ ಅಲ್ಲೇ ಸಿಕ್ಕಿಬೀಳುತ್ತದೆ. ಅಲ್ಲೂ ತಡವರಿಸದಿದ್ದರೆ ಟೂಲ್ ಬಾಕ್ಸ್ ಮುಚ್ಚಬಹುದು.