ಬಿಪಿ ಪಟ್ಟಿಯನ್ನೂ ಕಟ್ಟುವಂತಿರಲಿಲ್ಲ

ನಾನು ಮೈಸೂರಿನಲ್ಲಿ ಹೃದಯದ ರೋಗಿಗಳಿಗೆ ಅರಿವಳಿಕೆ ಕೊಡುವ ವೈದ್ಯೆ. ಎದೆ ಕೊಯ್ಯದೆ, ತೊಡೆಸಂದಿನ ರಕ್ತನಾಳದಿಂದ ಹೊಸ ವಾಲ್ವ್ ತಲುಪಿಸಿ, ಹೃದಯದಿಂದ ಮೈಗೆ ರಕ್ತ ಒಯ್ಯುವ ಮಹಾಪಧಮನಿಯ ಬಾಯಲ್ಲಿ ಕೂರಿಸುವ ಟಾವಿ ಎಂಬ ಚಿಕಿತ್ಸೆಯನ್ನು ಫ್ರಾನ್ಸಿನ ಅಲೈನ್ ಕ್ರಿಬಿಯೆ ಮೊದಲು ಮಾಡಿದ್ದು 2002ರಲ್ಲಿ. ಇದರಲ್ಲಿ ಸಾಮಾನ್ಯವಾಗಿ ನನ್ನ ಕೆಲಸ ಕಡಿಮೆ. ಪಾಂಡವಪುರದ ಕಡೆಯಿಂದ ಬಂದ ಈ ಅಮ್ಮನ ವಿಷಯದಲ್ಲಿ ಹಾಗಿರಲಿಲ್ಲ.

ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಎಕೋದಲ್ಲಿ (ಹೃದಯದ ಸ್ಕ್ಯಾನ್) ವಾಲ್ವಿನ ಬಾಯಿ 1 ಚದರ ಸೆಂಟಿಮೀಟರಿಗಿಂತ ಕಿರಿದಾಗಿತ್ತು. ಬೆನ್ನು ಬಾಗಿತ್ತು, ಕಿವಿ ಮಂದ, ಕಣ್ಣಿನ ಬಿಳಿಭಾಗ ನೀಲಿ. ಚಿಕ್ಕಂದಿನಿಂದ ಮೂಳೆ ಮುರಿದುಕೊಂಡೇ ಬೆಳೆದವರು. ಆಸ್ಟಿಯೋಜೆನಿಸಿಸ್ ಇಂಪರ್ಫೆಕ್ಟಾ. 1ನೇ ಬಗೆಯ ಕೊಲ್ಯಾಜೆನ್ ಎಂಬ ಪ್ರೋಟೀನ್ ಸರಿಯಾಗಿ ತಯಾರಾಗದೆ ಬರುವ ಕಾಯಿಲೆ. ಅದೇ ಪ್ರೋಟೀನ್ ರಕ್ತನಾಳದಲ್ಲೂ ವಾಲ್ವಿನಲ್ಲೂ ಇರುತ್ತದೆ. ಹಾಗಾಗಿ ಎದೆಮೂಳೆ ಸೀಳಿ ಆಪರೇಷನ್ ಮಾಡಿ, ಮೂಳೆ ಜೋಡಿಸಲು ತಂತಿ ಬಿಗಿದರೆ ತಂತಿ ಮೂಳೆಯನ್ನೇ ಕೊಯ್ಯಬಹುದು. ಹೊಲಿಗೆ ಹಾಕಿದ ಕಡೆ ಹರಿಯಬಹುದು. ರಕ್ತಸ್ರಾವವೂ ಜಾಸ್ತಿ. ಸರ್ಜನ್ ಸೇರಿ ಎಲ್ಲರೂ ಟಾವಿಯೇ ಸರಿ ಎಂದೆವು.

ನನಗೆ ಚಿಂತೆ ಇದ್ದದ್ದು ವಾಲ್ವಿನದ್ದಲ್ಲ, ಅವರನ್ನು ಮುಟ್ಟುವುದರದ್ದು. ಬಿಪಿ ಪಟ್ಟಿ ಉಬ್ಬಿ ಬಿಗಿದರೆ ತೋಳಿನ ಮೂಳೆ ಬಿರುಕು ಬಿಡಬಹುದು. ಮಣಿಕಟ್ಟಿನ ರಕ್ತನಾಳಕ್ಕೆ ಸಣ್ಣ ನಳಿಕೆ ಹಾಕಿ ಅಲ್ಲಿಂದಲೇ ಬಿಪಿ ನೋಡಿದೆ. ಪೂರ್ತಿ ಪ್ರಜ್ಞೆ ತಪ್ಪಿಸಿ ಗಂಟಲಿಗೆ ಟ್ಯೂಬ್ ಹಾಕಬೇಕೆಂದರೆ ಕತ್ತು ಹಿಂದಕ್ಕೆ ಬಾಗಿಸಬೇಕು, ದವಡೆ ಎತ್ತಬೇಕು. ಅದು ಬೇಡವೆಂದು ತೊಡೆಸಂದಿಗೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್, ಜೊತೆಗೆ ಸ್ವಲ್ಪ ಮಂಪರು. ಈ ಕಾಯಿಲೆಯಲ್ಲಿ ಮೈ ಬೇಗ ಬಿಸಿಯಾಗಬಹುದು, ಅದಕ್ಕೇ ಬಿಸಿ ಹೊದಿಕೆ ಹೊದಿಸದೆ ಜ್ವರ ನೋಡುತ್ತಲೇ ಇದ್ದೆ. ಗುಂಡಿಗೆ ನಿಂತರೆ ಎದೆ ಒತ್ತಬೇಕಾಗುತ್ತದೆ, ಪಕ್ಕೆಲುಬು ಮುರಿಯಬಹುದು ಎಂದು ಮಗನಿಗೆ ಮೊದಲೇ ಬಿಡಿಸಿ ಹೇಳಿದ್ದೆ. ಹೇಳುವುದು ಕಷ್ಟ, ಆದರೆ ಹೇಳಲೇಬೇಕು ಅಲ್ವಾ?

ಟೇಬಲ್ಲಿಗೆ ಬದಲಿಸುವಾಗ ನಮ್ಮ ಹುಡುಗರು ಎತ್ತಲು ಕೈ ಹಾಕಿದರು. ಅಮ್ಮ ತಡೆದರು. "ಎತ್ಬೇಡಿ ಕಣವ್ವ, ನಾನೇ ಸರ್ಕೋತೀನಿ." ಯಾವ ಭುಜ ಮೊದಲು, ಕಾಲು ಎಲ್ಲಿ ಹಿಡಿಯಬೇಕು ಎಲ್ಲ ಅವರೇ ಹೇಳಿದರು. ಗೂನು ಬೆನ್ನಿನ ಕೆಳಗೆ ಮೆತ್ತನೆಯ ದಿಂಬು ಒಂದೊಂದಾಗಿ ಸೇರಿಸಿ, "ಈಗ ಉಸಿರು ಸಲೀಸಾ?" ಎಂದು ಕೇಳುತ್ತಾ ಹೋದೆ. ಬಹಳ ಹೊತ್ತು ಹಿಡಿಯಿತು. ಇಲ್ಲಿ ಆತುರ ಸಲ್ಲದು.

ಬೆನ್ನು ತಿರುಚಿದ್ದರಿಂದ ಮಹಾಪಧಮನಿಯೂ ತಿರುಚಿತ್ತು. ಎಕ್ಸ್‌ರೇ ಯಂತ್ರವನ್ನು ಯಾವ ಕೋನದಲ್ಲಿ ನಿಲ್ಲಿಸಬೇಕೆಂದು ಹೃದ್ರೋಗ ತಜ್ಞರು ಸಿಟಿ ಸ್ಕ್ಯಾನಿನಿಂದಲೇ ಲೆಕ್ಕ ಹಾಕಿಟ್ಟಿದ್ದರು. ವಾಲ್ವ್ ಅರಳಿಸಲು ಬಲೂನನ್ನು ಜೋರಾಗಿ ಉಬ್ಬಿಸಿದರೆ ವಾಲ್ವಿನ ಸುತ್ತಲಿನ ಉಂಗುರ ಹರಿಯುವ ಭಯ. ಆದ್ದರಿಂದ ತಾನಾಗಿ ಅರಳುವ ವಾಲ್ವ್ ಆರಿಸಿದರು. ಪೇಸಿಂಗನ್ನೂ (ಗುಂಡಿಗೆಯನ್ನು ವಿದ್ಯುತ್ತಿನಿಂದ ಬಡಿಸುವುದು) ಬಲಗುಂಡಿಗೆಗೆ ಬೇರೆ ತಂತಿ ಚುಚ್ಚದೆ, ಎಡಗುಂಡಿಗೆಯಲ್ಲಿದ್ದ ತಂತಿಯಿಂದಲೇ ಕೊಟ್ಟರು. ವಾಲ್ವ್ ಕೂತಿತು, ಸೋರಿಕೆ ಅತಿ ಕಡಿಮೆ.

ಕೊನೆಗೆ ರಕ್ತ ನಿಲ್ಲಿಸಲು ತೊಡೆಸಂದನ್ನು ಬಲವಾಗಿ ಒತ್ತಿ ಹಿಡಿಯುವುದುಂಟು. ಕೆಳಗಿರುವುದು ಇಂಥ ಸೊಂಟದ ಮೂಳೆ! ಒಳಗಿನಿಂದಲೇ ಹೊಲಿಗೆ ಬೀಳುವ ಸಾಧನದಿಂದ ಮುಚ್ಚಿ, ಬರೀ ಬೆರಳಿನಿಂದ ಮೆಲ್ಲಗೆ ಹಿಡಿದೆವು.

ವಾರ್ಡಿನಲ್ಲಿ ಇಸಿಜಿ ಮೇಲೆ ಕಣ್ಣಿಟ್ಟೆವು, ಟಾವಿ ಆದಮೇಲೆ ಗುಂಡಿಗೆಯ ವಿದ್ಯುತ್ ದಾರಿಗೆ ತಡೆ ಬೀಳಬಹುದು. ಬೀಳಲಿಲ್ಲ. ಮನೆಗೆ ಕಳಿಸುವಾಗ ಮಗನಿಗೆ ಒತ್ತಿ ಹೇಳಿದ್ದು ಹಲ್ಲಿನ ವಿಷಯ. ಈ ಕಾಯಿಲೆಯಲ್ಲಿ ಹಲ್ಲೂ ದುರ್ಬಲವಾಗಿರಬಹುದು. ಕೀಳಿಸುವ ಮೊದಲು ವಾಲ್ವ್ ಇದೆ ಎಂದು ಹೇಳಿ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ವಾಲ್ವಿಗೆ ಸೋಂಕು ತಗಲಬಹುದು. ಡಿಸ್ಚಾರ್ಜ್ ಚೀಟಿಯ ಮೇಲ್ಭಾಗದಲ್ಲೇ ಅದನ್ನು ಕನ್ನಡದಲ್ಲಿ ಬರೆದುಕೊಟ್ಟೆ.